ಹಿಗ್ಗುತ್ತಿರುವ ವಿಶ್ವಕ್ಕೊಂದು ಅಳತೆಗೋಲು: ಗ್ಯಾಲಕ್ಸಿ ಸಮೀಕ್ಷೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಅರಿಜೋನಾ ರಾಜ್ಯದ ಒಂದು ಬೆಟ್ಟದ ಮೇಲಿಂದ 2021ರಿಂದ ನಡೆಯುತ್ತಿರುವ ‘ಡೆಸಿ’ ಎಂಬ ಗ್ಯಾಲಕ್ಸಿ ಸಮೀಕ್ಷೆಯ ಫಲಿತಾಂಶಗಳು 2024 ಮತ್ತು 2025ರಲ್ಲಿ ಹೊರಬಿದ್ದವು. ವಿಶ್ವದ ವಿಸ್ತರಣೆಯನ್ನು ಮುಂದಕ್ಕೆ ತಳ್ಳುತ್ತಿರುವ ಶಕ್ತಿ ಕ್ಷೀಣಿಸುತ್ತಿರಬಹುದು ಎಂಬ ಸುದ್ದಿ ಆಗ ಎಲ್ಲೆಡೆ ಹರಡಿತು. ಇಂಥ ಸುದ್ದಿಗೆ ಎಷ್ಟು ಬೆಲೆ ಕೊಡಬೇಕು ಎಂದು ತಿಳಿಯಬೇಕಾದರೆ ಅಳತೆ ಹೇಗೆ ನಡೆಯಿತು ಎಂಬುದು ಗೊತ್ತಿರಬೇಕು. ಹಾಗಾಗಿ ಈ ಪುಟದಲ್ಲಿ ಅಳತೆಯ ವಿಧಾನಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ವಿಶ್ವ ಹಿಗ್ಗುತ್ತಿದೆ ಎಂದರೆ ನಾವೂ, ನಮ್ಮ ಭೂಮಿಯೂ ಹಿಗ್ಗುತ್ತಿದ್ದೇವೆಯೇ?

ಇಲ್ಲ. ನಮ್ಮ ದೇಹದ ಅಣುಗಳನ್ನು ವಿದ್ಯುತ್ಕಾಂತ ಬಲ ಹಿಡಿದಿಟ್ಟಿದೆ. ಭೂಮಿಯನ್ನು ಸೂರ್ಯನ ಸುತ್ತ, ಸೂರ್ಯನನ್ನು ಆಕಾಶಗಂಗೆಯೊಳಗೆ ಗುರುತ್ವ ಹಿಡಿದಿಟ್ಟಿದೆ. ಹೀಗೆ ಬಿಗಿಯಾಗಿ ಕಟ್ಟಿಕೊಂಡಿರುವ ಯಾವುದೂ ಹಿಗ್ಗುವುದಿಲ್ಲ. ನಮ್ಮ ನೆರೆಯ ಆಂಡ್ರೊಮಿಡಾ ಗ್ಯಾಲಕ್ಸಿಯಂತೂ ದೂರ ಸರಿಯುವ ಬದಲು ನಮ್ಮತ್ತ ಬರುತ್ತಿದೆ. ಗ್ಯಾಲಕ್ಸಿಗಳ ಗುಂಪುಗಳ ನಡುವೆ ಕೋಟ್ಯಂತರ ಜ್ಯೋತಿರ್ವರ್ಷಗಳ ಅಂತರವಿರುವಲ್ಲಿ ಮಾತ್ರ ವಿಸ್ತರಣೆ ಗುರುತ್ವವನ್ನು ಮೀರಿಸುತ್ತದೆ.

ಎಲ್ಲವೂ ನಮ್ಮಿಂದ ದೂರ ಹೋಗುತ್ತಿದ್ದರೆ ನಾವು ವಿಶ್ವದ ಕೇಂದ್ರದಲ್ಲಿದ್ದೇವೆಯೇ?

ಇಲ್ಲ. ಬೇರಾವುದೇ ಗ್ಯಾಲಕ್ಸಿಯಲ್ಲಿ ನಿಂತು ನೋಡಿದರೂ ಉಳಿದವು ಅಲ್ಲಿಂದ ಹೀಗೆಯೇ ದೂರ ಸರಿಯುವುದು ಕಾಣುತ್ತದೆ.

ವಿಶ್ವ ಹಿಗ್ಗುತ್ತಿದೆ ಎಂದು ಮೊದಲು ಗೊತ್ತಾದದ್ದು ಹೇಗೆ?

ಈ ಶ್ರೇಯಸ್ಸನ್ನು ಎಡ್ವಿನ್ ಹಬಲ್ ಒಬ್ಬರಿಗೇ ಕೊಡುವುದು ವಾಡಿಕೆಯಾಗಿದೆ. ಅದು ನ್ಯಾಯವಲ್ಲ ಎಂಬುದು ನನ್ನ ಅಭಿಪ್ರಾಯ. ವೆಸ್ಟೊ ಸ್ಲೈಫರ್ 1912ರಿಂದಲೇ ಲೊವೆಲ್ ವೀಕ್ಷಣಾಲಯದಲ್ಲಿ ಗ್ಯಾಲಕ್ಸಿಗಳ ರೋಹಿತಗಳನ್ನು, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕನ್ನು, ಸಂಗ್ರಹಿಸಿ, ಬಹುಪಾಲು ಗ್ಯಾಲಕ್ಸಿಗಳ ಬೆಳಕು ಕೆಂಪಿನತ್ತ ಸರಿದಿರುವುದನ್ನು ಕಂಡಿದ್ದರು. ಹೆನ್ರಿಯೆಟಾ ಲೆವಿಟ್ ಸೆಫೀಡ್ ಎಂಬ ಮಿಡಿಯುವ ನಕ್ಷತ್ರಗಳ ಮಿಡಿತದ ಅವಧಿಗೂ ನಿಜವಾದ ಪ್ರಕಾಶಕ್ಕೂ ಇರುವ ನಂಟನ್ನು ಅದೇ 1912ರಲ್ಲಿ ಪ್ರಕಟಿಸಿದರು; ಗ್ಯಾಲಕ್ಸಿಗಳ ದೂರ ಅಳೆಯಲು ದಾರಿ ತೆರೆದದ್ದು ಆ ನಂಟು. ಬೆಲ್ಜಿಯಂನ ಪಾದ್ರಿ, ಭೌತವಿಜ್ಞಾನಿ ಜಾರ್ಜ್ ಲೆಮೈತ್ರ್ 1927ರಲ್ಲಿ ಐನ್‌ಸ್ಟೈನರ ಸಮೀಕರಣಗಳಿಂದ ಹಿಗ್ಗುವ ವಿಶ್ವವನ್ನು ಪಡೆದು, ಅದನ್ನು ವೀಕ್ಷಣೆಗಳ ಜೊತೆ ಹೊಂದಿಸಿ ತೋರಿಸಿದರು. ಹಬಲ್ 1929ರಲ್ಲಿ ದೂರ ಹೆಚ್ಚಿದಷ್ಟೂ ಸರಿಯುವ ವೇಗ ಹೆಚ್ಚು ಎಂಬುದನ್ನು ಎಲ್ಲರಿಗೂ ಕಾಣುವಂತೆ ನಕ್ಷೆಯಲ್ಲಿ ಇಟ್ಟರು.

ಕೆಂಪು ಪಲ್ಲಟ ಎಂದರೇನು? ಅದು ದೂರವನ್ನು ನೇರವಾಗಿ ಹೇಳುತ್ತದೆಯೇ?

ಬೆಳಕು ಗ್ಯಾಲಕ್ಸಿಯಿಂದ ಹೊರಟು ನಮ್ಮನ್ನು ತಲುಪುವ ಹೊತ್ತಿಗೆ ನಡುವಿನ ಅವಕಾಶ (ಸ್ಪೇಸ್) ಹಿಗ್ಗಿರುತ್ತದೆ. ಅದರ ಜೊತೆಗೆ ಬೆಳಕಿನ ತರಂಗಾಂತರವೂ ಹಿಗ್ಗುತ್ತದೆ. ಹೈಡ್ರೋಜನ್, ಆಮ್ಲಜನಕ, ಕ್ಯಾಲ್ಸಿಯಂ ಮುಂತಾದ ಧಾತುಗಳು ರೋಹಿತದಲ್ಲಿ ಮೂಡಿಸುವ ಗೆರೆಗಳ ಜಾಗ ನಮಗೆ ಪ್ರಯೋಗಾಲಯದಿಂದ ಗೊತ್ತು. ಗ್ಯಾಲಕ್ಸಿಯ ರೋಹಿತದಲ್ಲಿ ಅವೇ ಗೆರೆಗಳು ಎಷ್ಟು ಸರಿದಿವೆ ಎಂದು ನೋಡಿದರೆ ಕೆಂಪು ಪಲ್ಲಟ ಸಿಗುತ್ತದೆ. ಅದರ ಬೆಲೆ 1 ಇದ್ದರೆ ತರಂಗಾಂತರ ಎರಡು ಪಟ್ಟಾಗಿದೆ. ಆ ಬೆಳಕು ಹೊರಟಾಗ ದೂರದ ಗ್ಯಾಲಕ್ಸಿಗಳ ನಡುವಿನ ಅಂತರ ಈಗಿನ ಅರ್ಧದಷ್ಟಿತ್ತು.

ಇಲ್ಲಿ ಒಂದು ಸೂಕ್ಷ್ಮವಿದೆ, ಮುಂದಿನದೆಲ್ಲ ಇದರ ಮೇಲೆ ನಿಂತಿದೆ. ವಿಶ್ವ ಎಷ್ಟು ಪಟ್ಟು ಹಿಗ್ಗಿದೆ ಎಂಬುದನ್ನಷ್ಟೇ ಕೆಂಪು ಪಲ್ಲಟ ಹೇಳುತ್ತದೆ. ಅಷ್ಟು ಹಿಗ್ಗಲು ಎಷ್ಟು ಕಾಲ ಹಿಡಿಯಿತು, ಬೆಳಕು ಎಷ್ಟು ದೂರ ಬಂತು ಎಂಬುದನ್ನು ಅದು ಹೇಳುವುದಿಲ್ಲ. ದೂರವನ್ನು ಬೇರೊಂದು ದಾರಿಯಿಂದ ಅಳೆದು ಎರಡನ್ನೂ ಜೊತೆಗಿಟ್ಟಾಗಲೇ ವಿಸ್ತರಣೆಯ ಇತಿಹಾಸ ತೆರೆದುಕೊಳ್ಳುತ್ತದೆ.

ವಿಸ್ತರಣೆಯ ವೇಗ ಹೆಚ್ಚುತ್ತಿದೆ ಎಂದು ಕಂಡುಹಿಡಿದವರು ಯಾರು?

1998ರಲ್ಲಿ ಎರಡು ತಂಡಗಳು, ಒಂದರೊಡನೊಂದು ಸ್ಪರ್ಧಿಸುತ್ತಲೇ, ಒಂದೇ ಉತ್ತರಕ್ಕೆ ಬಂದವು. ಒಂದನ್ನು ಸಾಲ್ ಪರ್ಲ್‌ಮಟರ್ ಮುನ್ನಡೆಸುತ್ತಿದ್ದರು. ಇನ್ನೊಂದರಲ್ಲಿ ಬ್ರಯಾನ್ ಶ್ಮಿಟ್ ಮತ್ತು ಆಡಂ ರೀಸ್ ಇದ್ದರು. ಮೂವರಿಗೂ 2011ರಲ್ಲಿ ಭೌತವಿಜ್ಞಾನದ ನೊಬೆಲ್ ಪ್ರಶಸ್ತಿ ಸಂದಿತು.

ಎರಡೂ ತಂಡಗಳು ನೆಚ್ಚಿಕೊಂಡಿದ್ದು ‘ಟೈಪ್ ಒನ್ ಎ’ ಸೂಪರ್‌ನೋವಾಗಳನ್ನು. ಶ್ವೇತ ಕುಬ್ಜ ನಕ್ಷತ್ರಗಳು ಸಿಡಿದಾಗ ಹೊಮ್ಮುವ ಈ ಬೆಳಕಿನ ನಿಜವಾದ ಪ್ರಖರತೆಯನ್ನು, ಅದು ಏರಿಳಿಯುವ ಬಗೆಯನ್ನು ನೋಡಿ ಲೆಕ್ಕ ಹಾಕಬಹುದು. ನಿಜವಾದ ಪ್ರಖರತೆ ಗೊತ್ತಿದ್ದರೆ, ಎಷ್ಟು ಮಂಕಾಗಿ ಕಾಣುತ್ತಿದೆ ಎಂಬುದರಿಂದ ದೂರ ತಿಳಿಯುತ್ತದೆ. ಗುರುತ್ವದ ಸೆಳೆತದಿಂದ ವಿಸ್ತರಣೆ ನಿಧಾನವಾಗುತ್ತಿರಬೇಕು, ಎಷ್ಟು ನಿಧಾನವಾಗುತ್ತಿದೆ ಎಂದು ಅಳೆಯೋಣ ಎಂದು ಅವರು ಹೊರಟಿದ್ದರು. ಆದರೆ ದೂರದ ಸೂಪರ್‌ನೋವಾಗಳು ನಿರೀಕ್ಷೆಗಿಂತ ಮಂಕಾಗಿದ್ದವು. ಹಿಂದೆ ವಿಸ್ತರಣೆ ನಿಧಾನವಾಗಿದ್ದರೆ ಅಷ್ಟೇ ಪಟ್ಟು ಹಿಗ್ಗಲು ಹೆಚ್ಚು ಕಾಲ ಬೇಕಾಗುತ್ತದೆ. ಹೆಚ್ಚು ಕಾಲ ಸಾಗಿದ ಬೆಳಕು ಹೆಚ್ಚು ದೂರದಿಂದ ಬಂದಿರುತ್ತದೆ. ಅಂದರೆ ಅಂದಿಗಿಂತ ಇಂದು ವಿಸ್ತರಣೆ ಬಿರುಸಾಗಿದೆ.

ಇದಕ್ಕೆ ಕಾರಣವಾದ ಯಾವುದೋ ಒಂದಕ್ಕೆ ‘ಡಾರ್ಕ್ ಎನರ್ಜಿ’ ಅಥವಾ ಕಪ್ಪು ಶಕ್ತಿ ಎಂದು ಹೆಸರಿಟ್ಟರು. ಇಂದಿನ ವಿಶ್ವದ ಒಟ್ಟು ಶಕ್ತಿಯಲ್ಲಿ ಸುಮಾರು ಶೇ. 70 ಭಾಗ ಇದೇ. ನಕ್ಷತ್ರ, ಗ್ರಹ, ನೀವು, ನಾನು ಎಲ್ಲ ಸೇರಿದ ಸಾಮಾನ್ಯ ದ್ರವ್ಯ ಶೇ. 5ರಷ್ಟು ಮಾತ್ರ.

ಸೂಪರ್‌ನೋವಾಗಳಿಂದಲೇ ಗೊತ್ತಾಗಿದ್ದರೆ ಗ್ಯಾಲಕ್ಸಿಗಳನ್ನು ಎಣಿಸುವ ಶ್ರಮ ಏಕೆ?

ಒಂದೇ ಸಾಕ್ಷಿಯನ್ನು ನಂಬಿ ಇಷ್ಟು ದೊಡ್ಡ ತೀರ್ಪು ಕೊಡಲಾಗದು. ನಡುವಿನ ಧೂಳು ಬೆಳಕನ್ನು ಮಂಕಾಗಿಸಬಹುದು. ಹಳೆಯ ಕಾಲದ ಸೂಪರ್‌ನೋವಾಗಳು ಇಂದಿನವುಗಳಿಗಿಂತ ಸ್ವಲ್ಪ ಭಿನ್ನವಾಗಿರಬಹುದು. ಬೇರೆ ಬೇರೆ ದೂರದರ್ಶಕಗಳಲ್ಲಿ ದಶಕಗಳ ಅಂತರದಲ್ಲಿ ಅಳೆದ ಪ್ರಕಾಶವನ್ನು ಒಂದೇ ಮಾಪಕ್ಕೆ ತರುವುದೂ ಸುಲಭವಲ್ಲ. ಪ್ರಕಾಶವನ್ನು ಅವಲಂಬಿಸದ, ಸಂಪೂರ್ಣ ಬೇರೆ ಬಗೆಯ ಅಳತೆಯೊಂದು ಬೇಕಿತ್ತು. ಅದು ಸಿಕ್ಕಿದ್ದು ಗ್ಯಾಲಕ್ಸಿಗಳು ಆಕಾಶದಲ್ಲಿ ಹರಡಿಕೊಂಡಿರುವ ರೀತಿಯಲ್ಲಿ.

ಆ ಅಳತೆ ಯಾವುದು?

ವಿಶ್ವದ ಮೊದಲ 3,80,000 ವರ್ಷಗಳಲ್ಲಿ ಎಲ್ಲೆಡೆ ಕುದಿಯುವ ಪ್ಲಾಸ್ಮಾ, ಅಂದರೆ ಇಲೆಕ್ಟ್ರಾನುಗಳು ಪರಮಾಣುಗಳಿಂದ ಬಿಡಿಯಾಗಿರುವ ಅನಿಲ, ತುಂಬಿತ್ತು. ಬೆಳಕು ಅದರಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇಲೆಕ್ಟ್ರಾನುಗಳಿಗೆ ಬಡಿಯದೆ ಒಂದಿಷ್ಟೂ ಮುಂದೆ ಹೋಗುವಂತಿರಲಿಲ್ಲ. ದ್ರವ್ಯ ಸ್ವಲ್ಪ ಹೆಚ್ಚು ಸೇರಿದ್ದ ಕಡೆ ಗುರುತ್ವ ಒಳಗೆ ಎಳೆಯುತ್ತಿತ್ತು, ಬೆಳಕಿನ ಒತ್ತಡ ಹೊರಗೆ ತಳ್ಳುತ್ತಿತ್ತು. ಈ ಎಳೆದಾಟದಲ್ಲಿ ಶಬ್ದದ ಅಲೆಗಳು ಹುಟ್ಟಿ, ಬೆಳಕಿನ ವೇಗದ ಅರ್ಧಕ್ಕಿಂತ ಹೆಚ್ಚಿನ ವೇಗದಲ್ಲಿ ಎಲ್ಲ ದಿಕ್ಕಿಗೂ ಗೋಳಾಕಾರವಾಗಿ ಹರಡಿದವು.

ವಿಶ್ವ ತಣ್ಣಗಾಗಿ ಇಲೆಕ್ಟ್ರಾನುಗಳು ಪ್ರೋಟಾನುಗಳೊಡನೆ ಕೂಡಿ ಪರಮಾಣುಗಳಾದಾಗ ಬೆಳಕು ಬಿಡುಗಡೆಯಾಯಿತು. ತಳ್ಳುವ ಒತ್ತಡ ಇಲ್ಲವಾಯಿತು. ಅಲೆಗಳು ತಲುಪಿದ್ದಲ್ಲೇ ನಿಂತವು. ಅಲ್ಲಿಯವರೆಗೆ ಅವು ಕ್ರಮಿಸಿದ್ದ ದೂರ ಸುಮಾರು ನಾಲ್ಕೂವರೆ ಲಕ್ಷ ಜ್ಯೋತಿರ್ವರ್ಷ. ಅಂದಿನಿಂದ ವಿಶ್ವ ಸುಮಾರು 1,100 ಪಟ್ಟು ಹಿಗ್ಗಿರುವುದರಿಂದ ಅದೇ ಅಂತರ ಇಂದು ಸುಮಾರು 49 ಕೋಟಿ ಜ್ಯೋತಿರ್ವರ್ಷವಾಗಿದೆ. ಆ ಗೋಳಗಳ ಕೇಂದ್ರದಲ್ಲೂ ಅಂಚಿನಲ್ಲೂ ದ್ರವ್ಯ ಕೊಂಚ ಹೆಚ್ಚಿತ್ತು. ಕಾಲಾಂತರದಲ್ಲಿ ಅಲ್ಲಿ ಗ್ಯಾಲಕ್ಸಿಗಳು ಕೊಂಚ ಹೆಚ್ಚು ಹುಟ್ಟಿದವು. ವಿಜ್ಞಾನಿಗಳು ಇದನ್ನು ‘ಬೇರಿಯಾನ್ ಶಬ್ದ ಆಂದೋಲನ’ ಎನ್ನುತ್ತಾರೆ; ಬೇರಿಯಾನ್ ಎಂದರೆ ಇಲ್ಲಿ ಸಾಮಾನ್ಯ ದ್ರವ್ಯ. ಆ ಅಂತರವೇ ನಮ್ಮ ಅಳತೆಗೋಲು.

ಬಿಡುಗಡೆಯಾದ ಬೆಳಕು ಇಂದಿಗೂ ಸೂಕ್ಷ್ಮತರಂಗ ಹಿನ್ನೆಲೆ ವಿಕಿರಣವಾಗಿ ನಮ್ಮನ್ನು ತಲುಪುತ್ತಿದೆ. ಯುರೋಪಿನ ಪ್ಲಾಂಕ್ ಉಪಗ್ರಹ ಅದನ್ನು ಬಹಳ ಸೂಕ್ಷ್ಮವಾಗಿ ಅಳೆದಿದೆ. ಹಾಗಾಗಿ ಈ ಅಳತೆಗೋಲಿನ ನಿಜವಾದ ಉದ್ದ ನಮಗೆ ಚೆನ್ನಾಗಿ ಗೊತ್ತು.

ಆಕಾಶದ ಚಿತ್ರದಲ್ಲಿ ಈ ಗೋಳಗಳು ಕಾಣುತ್ತವೆಯೇ?

ಕಾಣುವುದಿಲ್ಲ. ಲೆಕ್ಕವಿಲ್ಲದಷ್ಟು ಗೋಳಗಳು ಒಂದರ ಮೇಲೊಂದು ಬಿದ್ದಿವೆ. ಮಲೆನಾಡಿನ ಹಳೆಯ ಅಡಿಕೆ ತೋಟವೊಂದನ್ನು ನೆನೆಯಿರಿ. ಅಜ್ಜನ ಕಾಲದಲ್ಲಿ ಒಂಬತ್ತು ಅಡಿಗೊಂದರಂತೆ ಸಸಿ ನೆಟ್ಟಿದ್ದರು. ಆಮೇಲೆ ಎಷ್ಟೋ ಮರ ಬಿದ್ದವು, ಎಷ್ಟೋ ಸಸಿ ತಾವಾಗಿ ಎದ್ದವು, ಮಧ್ಯೆ ಮಧ್ಯೆ ಹೊಸದಾಗಿ ನೆಟ್ಟರು. ಈಗ ತೋಟದೊಳಗೆ ನಿಂತರೆ ಯಾವ ಕ್ರಮವೂ ಕಾಣದು. ಯಾವುದೋ ಎರಡು ಮರಗಳ ಅಂತರ ಅಳೆದರೆ ಏನೂ ತಿಳಿಯದು. ಆದರೆ ಪ್ರತಿಯೊಂದು ಜೋಡಿಯ ಅಂತರವನ್ನೂ ಬರೆದಿಟ್ಟು, ಯಾವ ಅಂತರದಲ್ಲಿ ಎಷ್ಟು ಜೋಡಿಗಳಿವೆ ಎಂದು ಎಣಿಸಿದರೆ ಒಂಬತ್ತು ಅಡಿಯ ಬಳಿ ಎಣಿಕೆ ಕೊಂಚ ಏರುತ್ತದೆ. ಅಜ್ಜನ ಅಳತೆ ಸಿಕ್ಕಿಬಿಡುತ್ತದೆ. ಎದುರು ಗುಡ್ಡದ ಮೇಲೆ ಅಂಥದೇ ತೋಟವಿದ್ದರೆ, ಅಲ್ಲಿ ಆ ಒಂಬತ್ತು ಅಡಿ ಎಷ್ಟು ಕಿರಿದಾಗಿ ಕಾಣುತ್ತದೆ ಎಂಬುದರಿಂದ ಗುಡ್ಡ ಎಷ್ಟು ದೂರವಿದೆ ಎಂದೂ ಹೇಳಬಹುದು.

ಗ್ಯಾಲಕ್ಸಿಗಳಲ್ಲಿ ಮಾಡುವುದೂ ಇದನ್ನೇ. ಆ ಅಂತರದಲ್ಲಿ ಜೋಡಿಗಳ ಹೆಚ್ಚಳ ನೂರಕ್ಕೆ ಒಂದರಷ್ಟು ಮಾತ್ರ. ಹತ್ತಿಪ್ಪತ್ತು ಸಾವಿರ ಗ್ಯಾಲಕ್ಸಿಗಳಲ್ಲಿ ಅದು ಆಕಸ್ಮಿಕ ಏರಿಳಿತಗಳಲ್ಲಿ ಮುಳುಗಿಹೋಗುತ್ತದೆ. ಲಕ್ಷ, ಕೋಟಿಗಳ ಸಂಖ್ಯೆಯಲ್ಲಿ ಗ್ಯಾಲಕ್ಸಿಗಳು ಬೇಕಾಗುವುದು ಇದಕ್ಕೇ.

ಇನ್ನೊಂದು ಅನುಕೂಲವೂ ಇದೆ. ಆಕಾಶಕ್ಕೆ ಅಡ್ಡಲಾಗಿ ಈ ಅಂತರವನ್ನು ಅಳೆದರೆ ದೂರ ಸಿಗುತ್ತದೆ. ನಮ್ಮ ದೃಷ್ಟಿಯ ನೇರದಲ್ಲಿ, ಕೆಂಪು ಪಲ್ಲಟಗಳ ವ್ಯತ್ಯಾಸವಾಗಿ ಅಳೆದರೆ ಆ ಕಾಲದ ವಿಸ್ತರಣೆಯ ದರವೇ ಸಿಗುತ್ತದೆ.

ಇದನ್ನು ಮೊದಲು ಕಂಡದ್ದು ಯಾವಾಗ?

2005ರಲ್ಲಿ. ನ್ಯೂ ಮೆಕ್ಸಿಕೊದ ಅಪಾಚೆ ಪಾಯಿಂಟ್‌ನಲ್ಲಿರುವ 2.5 ಮೀಟರ್ ದೂರದರ್ಶಕದ ಸ್ಲೋನ್ ಸಮೀಕ್ಷೆಯಲ್ಲಿ ಡೇನಿಯಲ್ ಐಸೆನ್‌ಸ್ಟೈನ್ ಮತ್ತು ಸಂಗಡಿಗರು 46,748 ಕೆಂಪು ಗ್ಯಾಲಕ್ಸಿಗಳಿಂದ ಈ ಏರಿಕೆಯನ್ನು ತೋರಿಸಿದರು. ಆಸ್ಟ್ರೇಲಿಯಾದಲ್ಲಿ ನಡೆದ ‘ಟು ಡಿಗ್ರಿ ಫೀಲ್ಡ್’ ಸಮೀಕ್ಷೆಯಲ್ಲಿ ಶಾನ್ ಕೋಲ್ ಮತ್ತು ಸಂಗಡಿಗರು ಅದೇ ವರ್ಷ ಅದನ್ನೇ ಕಂಡರು.

ಸ್ಲೋನ್ ಸಮೀಕ್ಷೆ ನಡೆದ ಬಗೆಯೂ ಹೇಳುವಂಥದ್ದು. ಆಕಾಶದ ಒಂದೊಂದು ತುಂಡಿಗೂ ಒಂದೊಂದು ಅಲ್ಯೂಮಿನಿಯಂ ತಟ್ಟೆ. ಗ್ಯಾಲಕ್ಸಿಗಳಿರುವ ಜಾಗದಲ್ಲಿ ಕೊರೆದ ರಂಧ್ರಗಳು. ಪ್ರತಿ ರಂಧ್ರಕ್ಕೂ ಕೈಯಿಂದ ಸಿಕ್ಕಿಸಿದ ಒಂದು ಆಪ್ಟಿಕಲ್ ಫೈಬರ್. ಮೊದಲು ತಟ್ಟೆಗೆ 640 ಫೈಬರ್ ಇದ್ದವು, ಮುಂದೆ ಅದೇ ದೂರದರ್ಶಕದಲ್ಲಿ ನಡೆದ ‘ಬಾಸ್’ ಸಮೀಕ್ಷೆಯಲ್ಲಿ 1,000 ಆದವು. ವರ್ಷಗಟ್ಟಲೆ, ಹಗಲೆಲ್ಲ ಕುಳಿತು ಆ ಎಳೆಗಳನ್ನು ಪೋಣಿಸಿದ ತಂತ್ರಜ್ಞರ ದುಡಿಮೆ ಇಲ್ಲದಿದ್ದರೆ ಇಂದಿನ ವಿಶ್ವವಿಜ್ಞಾನ ಇಷ್ಟು ದೂರ ಬರುತ್ತಿರಲಿಲ್ಲ.

ಡೆಸಿ ಅದಕ್ಕಿಂತ ಹೇಗೆ ಭಿನ್ನ?

ಡೆಸಿಯಲ್ಲಿ ಕೈಯ ಕೆಲಸವನ್ನು 5,000 ಪುಟ್ಟ ರೋಬಾಟ್‌ಗಳು ಮಾಡುತ್ತವೆ. ‘ಡಾರ್ಕ್ ಎನರ್ಜಿ ಸ್ಪೆಕ್ಟ್ರೋಸ್ಕೋಪಿಕ್ ಇನ್‌ಸ್ಟ್ರುಮೆಂಟ್’ ಎಂಬುದರ ಕಿರುರೂಪ ಈ ಹೆಸರು. ಅರಿಜೋನಾದ ಕಿಟ್ ಪೀಕ್ ಬೆಟ್ಟದಲ್ಲಿ 1973ರಿಂದ ಇರುವ ನಾಲ್ಕು ಮೀಟರಿನ ಮೇಯಾಲ್ ದೂರದರ್ಶಕಕ್ಕೆ ಇದನ್ನು ಅಳವಡಿಸಿದ್ದಾರೆ. ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್‌ಲಿ ಪ್ರಯೋಗಾಲಯದ ನೇತೃತ್ವ. 70ಕ್ಕೂ ಹೆಚ್ಚು ಸಂಸ್ಥೆಗಳ 900ಕ್ಕೂ ಹೆಚ್ಚು ಸಂಶೋಧಕರು. ಆ ಬೆಟ್ಟ ಅಲ್ಲಿನ ಮೂಲನಿವಾಸಿಗಳಾದ ತೊಹೊನೊ ಓಡಮ್ ಜನರದ್ದು. ಅವರಿಗೆ ಅದು ಇಯೊಲಿಗಮ್ ದುಆಗ್, ಪೂಜ್ಯ ನೆಲ. ವೀಕ್ಷಣಾಲಯ ಅಲ್ಲಿರುವುದು ಅವರ ಅನುಮತಿಯಿಂದ.

ಪ್ರತಿ ರೋಬಾಟ್ ಒಂದು ಪೆನ್ಸಿಲ್‌ನಷ್ಟು ಸಣ್ಣದು. ಅದು ತನ್ನ ಫೈಬರಿನ ತುದಿಯನ್ನು ಕೆಲವೇ ಮೈಕ್ರಾನ್‌ಗಳ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ನಿಖರತೆಯಲ್ಲಿ ಒಂದು ಗ್ಯಾಲಕ್ಸಿಯ ಬಿಂಬದ ಮೇಲೆ ತಂದು ನಿಲ್ಲಿಸುತ್ತದೆ. ಫೈಬರ್ ಕೂದಲೆಳೆಯಷ್ಟು ಸಪೂರ, ಸುಮಾರು 107 ಮೈಕ್ರಾನ್ ದಪ್ಪ. ಬೆಳಕು ಫೈಬರುಗಳ ಮೂಲಕ ಹತ್ತು ಸ್ಪೆಕ್ಟ್ರೋಗ್ರಾಫ್‌ಗಳನ್ನು ತಲುಪಿ, ಅಲ್ಲಿ ನೀಲಿಯಿಂದ ಅವಕೆಂಪಿನ ಅಂಚಿನವರೆಗೆ, 360ರಿಂದ 980 ನ್ಯಾನೊಮೀಟರ್‌ವರೆಗೆ, ಬಿಡಿಸಿಕೊಳ್ಳುತ್ತದೆ. ಸುಮಾರು ಇಪ್ಪತ್ತು ನಿಮಿಷಕ್ಕೆ ಒಂದು ಸುತ್ತು. ಮೋಡದ ತೆರೆ, ಬೆಳದಿಂಗಳು ಇದ್ದರೆ ಸಮಯವನ್ನು ಹೆಚ್ಚಿಸಿಕೊಳ್ಳುತ್ತದೆ. ಆಮೇಲೆ ರೋಬಾಟ್‌ಗಳು ಹೊರಳಿ ಮುಂದಿನ 5,000 ಗುರಿಗಳತ್ತ ತಿರುಗುತ್ತವೆ. ಒಳ್ಳೆಯ ರಾತ್ರಿಯೊಂದರಲ್ಲಿ ಲಕ್ಷಕ್ಕೂ ಹೆಚ್ಚು ಗ್ಯಾಲಕ್ಸಿಗಳ ರೋಹಿತ ಸಿಗುತ್ತದೆ.

ಸಮೀಕ್ಷೆ 2021ರ ಮೇ ತಿಂಗಳಲ್ಲಿ ಆರಂಭವಾಯಿತು. 2022ರ ಜೂನ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಕಾಡ್ಗಿಚ್ಚು ಬೆಟ್ಟವನ್ನೇರಿ ಕೆಲವು ಕಟ್ಟಡಗಳನ್ನು ಸುಟ್ಟಿತು. ದೂರದರ್ಶಕಗಳು ಉಳಿದವು. ಸೆಪ್ಟೆಂಬರ್ ಹೊತ್ತಿಗೆ ಡೆಸಿ ಮತ್ತೆ ಆಕಾಶ ನೋಡುತ್ತಿತ್ತು.

ಯಾವ ಗ್ಯಾಲಕ್ಸಿಗಳನ್ನು ನೋಡಬೇಕೆಂದು ನಿರ್ಧರಿಸುವುದು ಹೇಗೆ?

ಮೊದಲು ಮೂರು ದೂರದರ್ಶಕಗಳಿಂದ ಸುಮಾರು 14,000 ಚದರ ಡಿಗ್ರಿ ಆಕಾಶದ ಚಿತ್ರ ತೆಗೆದು, ಬಣ್ಣ ಮತ್ತು ಪ್ರಕಾಶ ನೋಡಿ ಗುರಿಗಳನ್ನು ಆರಿಸಿಕೊಂಡರು. ಹತ್ತಿರದ ಹೊಳೆಯುವ ಗ್ಯಾಲಕ್ಸಿಗಳನ್ನು ಬೆಳದಿಂಗಳ ರಾತ್ರಿಯಲ್ಲೂ ನೋಡಬಹುದು. ಅದಕ್ಕಿಂತ ಆಚೆ ಹಳೆಯ ನಕ್ಷತ್ರಗಳು ತುಂಬಿದ ದೊಡ್ಡ ಕೆಂಪು ಗ್ಯಾಲಕ್ಸಿಗಳು. ಇನ್ನೂ ಆಚೆ ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಗ್ಯಾಲಕ್ಸಿಗಳು: ಇವುಗಳ ರೋಹಿತದಲ್ಲಿ ಅಯಾನೀಕೃತ ಆಮ್ಲಜನಕದ ಜೋಡಿ ಗೆರೆ ಮೂಡುತ್ತದೆ, ಒಂದೇ ಗೆರೆ ಎರಡಾಗಿ ಕಾಣುವುದರಿಂದ ಗುರುತು ತಪ್ಪುವುದಿಲ್ಲ. ಕೆಂಪು ಪಲ್ಲಟ 1.6 ದಾಟಿದರೆ ಆ ಗೆರೆ ಉಪಕರಣದ ವ್ಯಾಪ್ತಿಯಿಂದ ಹೊರಗೆ ಹೋಗುತ್ತದೆ.

ಅದಕ್ಕೂ ಆಚೆ ಕ್ವೇಸಾರ್‌ಗಳಿವೆ. ದೈತ್ಯ ಕಪ್ಪುಕುಳಿಗಳ ಸುತ್ತ ಬೀಳುವ ಅನಿಲ ಉರಿದು ಹೊಳೆಯುವ ಇವುಗಳನ್ನು ಎರಡು ರೀತಿ ಬಳಸುತ್ತಾರೆ. ಮೊದಲನೆಯದು, ಗ್ಯಾಲಕ್ಸಿಗಳಂತೆಯೇ ಇವುಗಳ ಜೋಡಿಗಳನ್ನು ಎಣಿಸುವುದು. ಎರಡನೆಯದು ನನಗೆ ಈ ಇಡೀ ಕ್ಷೇತ್ರದಲ್ಲೇ ಅತ್ಯಂತ ಸುಂದರವಾದ ಉಪಾಯ. ಕ್ವೇಸಾರ್‌ನ ಬೆಳಕು ನಮ್ಮತ್ತ ಬರುವಾಗ ದಾರಿಯ ಪ್ರತಿಯೊಂದು ಹೈಡ್ರೋಜನ್ ಮೋಡವೂ ತನ್ನ ಜಾಗದಲ್ಲಿ ಒಂದು ಕಪ್ಪು ಗೆರೆ ಗೀಚುತ್ತದೆ. ಒಂದೇ ರೋಹಿತದಲ್ಲಿ ಇಂಥ ನೂರಾರು ಗೆರೆಗಳು, ಕಾಡಿನಂತೆ. ಅಂದರೆ ಒಂದು ಕ್ವೇಸಾರ್ ತನ್ನ ಮುಂದಿರುವ, ತಾನಾಗಿ ಬೆಳಗದ ಅನಿಲದ ನಕ್ಷೆಯನ್ನೂ ಕೊಡುತ್ತದೆ. ಇದರಿಂದ 1,100 ಕೋಟಿ ವರ್ಷಗಳ ಹಿಂದಿನ ವಿಸ್ತರಣೆಯನ್ನೂ ಅಳೆಯಬಹುದಾಗಿದೆ.

ಚಿತ್ರ ತೆಗೆದರೆ ಸಾಲದೇ? ರೋಹಿತವೇ ಏಕೆ ಬೇಕು?

ಚಿತ್ರದ ಬಣ್ಣಗಳಿಂದ ಕೆಂಪು ಪಲ್ಲಟವನ್ನು ಅಂದಾಜಿಸಬಹುದು, ಆದರೆ ಒರಟಾಗಿ. ದೃಷ್ಟಿಯ ನೇರದಲ್ಲಿ ಗ್ಯಾಲಕ್ಸಿಗಳ ಅಂತರ ಅಳೆಯಲು ಅದು ಸಾಲದು. ಚಿತ್ರ ಸಮೀಕ್ಷೆಗಳ ಬಲ ಬೇರೆಡೆ ಇದೆ: ಹಿಂದಿನ ಗ್ಯಾಲಕ್ಸಿಗಳ ಆಕಾರ ನಡುವಿನ ದ್ರವ್ಯದ ಗುರುತ್ವದಿಂದ ಹೇಗೆ ಸೊಟ್ಟಗಾಗಿದೆ ಎಂದು ನೋಡಿ, ಕಾಣದ ದ್ರವ್ಯವನ್ನೂ ಅಳೆಯುತ್ತವೆ. ಚಿಲಿಯಲ್ಲಿ 570 ಮೆಗಾಪಿಕ್ಸೆಲ್ ಕ್ಯಾಮೆರಾ ಬಳಸಿ 2013ರಿಂದ 2019ರವರೆಗೆ ನಡೆದ ಡಾರ್ಕ್ ಎನರ್ಜಿ ಸರ್ವೆ ಅಂಥದು. 2023ರ ಜುಲೈ 1ರಂದು ಹಾರಿದ ಯುರೋಪಿನ ಯೂಕ್ಲಿಡ್ ದೂರದರ್ಶಕ ಬಾಹ್ಯಾಕಾಶದಿಂದ ಚಿತ್ರ ಮತ್ತು ರೋಹಿತ ಎರಡನ್ನೂ ಪಡೆಯುತ್ತಿದೆ. ಚಿಲಿಯ ವೆರಾ ರೂಬಿನ್ ವೀಕ್ಷಣಾಲಯ 8.4 ಮೀಟರ್ ದರ್ಪಣ ಮತ್ತು 3,200 ಮೆಗಾಪಿಕ್ಸೆಲ್ ಕ್ಯಾಮೆರಾದ ಮೊದಲ ಚಿತ್ರಗಳನ್ನು 2025ರ ಜೂನ್‌ನಲ್ಲಿ ತೋರಿಸಿತು.

ಡೆಸಿ ಇದುವರೆಗೆ ಏನು ಕಂಡಿದೆ?

2024ರ ಏಪ್ರಿಲ್‌ನಲ್ಲಿ ಮೊದಲ ವರ್ಷದ ಫಲಿತಾಂಶ ಬಂತು: ಸುಮಾರು 60 ಲಕ್ಷ ಗ್ಯಾಲಕ್ಸಿ ಮತ್ತು ಕ್ವೇಸಾರ್‌ಗಳು, ವಿಸ್ತರಣೆಯ ಇತಿಹಾಸ ಒಟ್ಟಾರೆಯಾಗಿ ಶೇ. 1ಕ್ಕಿಂತ ಕಡಿಮೆ ಅನಿಶ್ಚಿತತೆಯಲ್ಲಿ. 2025ರ ಮಾರ್ಚ್‌ನಲ್ಲಿ ಮೂರು ವರ್ಷಗಳ ದತ್ತಾಂಶದಿಂದ ಸುಮಾರು ಒಂದೂವರೆ ಕೋಟಿ.

ಡೆಸಿಯ ಅಳತೆಗಳನ್ನಷ್ಟೇ ತೆಗೆದುಕೊಂಡರೆ, ಡಾರ್ಕ್ ಎನರ್ಜಿ ಕಾಲ ಕಳೆದರೂ ಬದಲಾಗದ ‘ವಿಶ್ವ ಸ್ಥಿರಾಂಕ’ ಎಂಬ ಚಿತ್ರಕ್ಕೆ ಅವು ಹೊಂದುತ್ತವೆ. ಸುದ್ದಿಯಲ್ಲಿ ಈ ವಾಕ್ಯ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ. ಅವನ್ನು ಹಿನ್ನೆಲೆ ವಿಕಿರಣದ ಅಳತೆಗಳ ಜೊತೆ, ಮತ್ತೆ ಸೂಪರ್‌ನೋವಾಗಳ ಜೊತೆ ಸೇರಿಸಿದಾಗ ಒಂದಕ್ಕೊಂದು ಸರಿಯಾಗಿ ಕೂಡಿಕೊಳ್ಳುವುದಿಲ್ಲ. ಡಾರ್ಕ್ ಎನರ್ಜಿ ಕಾಲದೊಂದಿಗೆ ಬದಲಾಗಲಿ ಎಂದು ಬಿಟ್ಟುಕೊಟ್ಟರೆ ಕೂಡಿಕೊಳ್ಳುತ್ತವೆ. ಹಾಗೆ ಬಿಟ್ಟಾಗ ಸಿಗುವ ಚಿತ್ರದಲ್ಲಿ ಇತ್ತೀಚಿನ ಕಾಲದಲ್ಲಿ ಅದರ ಪ್ರಭಾವ ಕುಗ್ಗುತ್ತಿದೆ.

ಹಾಗಾದರೆ ಐನ್‌ಸ್ಟೈನರ ಸ್ಥಿರಾಂಕ ಬಿದ್ದುಹೋಯಿತೇ?

ಇಲ್ಲ, ಇನ್ನೂ ಇಲ್ಲ. ಐನ್‌ಸ್ಟೈನ್ 1917ರಲ್ಲಿ ವಿಶ್ವವನ್ನು ನಿಶ್ಚಲವಾಗಿಡಲು ತಂದ ಆ ಪದ 1998ರ ನಂತರ ಡಾರ್ಕ್ ಎನರ್ಜಿಯ ಅತ್ಯಂತ ಸರಳ ವಿವರಣೆಯಾಗಿ ಮರಳಿತು. ಅದರ ವಿರುದ್ಧದ ಸಾಕ್ಷ್ಯದ ಬಲ 2025ರ ವಿಶ್ಲೇಷಣೆಯಲ್ಲಿ 2.8ರಿಂದ 4.2 ಸಿಗ್ಮಾ. ಮೂರು ಸಿಗ್ಮಾ ಎಂದರೆ ಕೇವಲ ಆಕಸ್ಮಿಕವಾಗಿ ಹೀಗೆ ಕಾಣುವ ಸಾಧ್ಯತೆ ಸಾವಿರಕ್ಕೆ ಮೂರರಷ್ಟು. ಭೌತವಿಜ್ಞಾನಿಗಳು ಆವಿಷ್ಕಾರ ಎನ್ನಲು ಐದು ಸಿಗ್ಮಾ ಕೇಳುತ್ತಾರೆ.

ಆ ವ್ಯಾಪ್ತಿ ಅಷ್ಟು ಅಗಲವಾಗಿರುವುದೇ ಗಮನಿಸಬೇಕಾದ ಸಂಗತಿ. ಮೂರು ಬೇರೆ ಬೇರೆ ಸೂಪರ್‌ನೋವಾ ಸಂಗ್ರಹಗಳಿವೆ. ಯಾವುದನ್ನು ಸೇರಿಸುತ್ತೀರಿ ಎಂಬುದರ ಮೇಲೆ ಉತ್ತರ 2.8ರಿಂದ 4.2ಕ್ಕೆ ಏರಿಳಿಯುತ್ತದೆ. ಸೂಪರ್‌ನೋವಾಗಳನ್ನು ಪೂರ್ತಿ ಬಿಟ್ಟು ಡೆಸಿಯನ್ನು ಹಿನ್ನೆಲೆ ವಿಕಿರಣದೊಡನೆ ಮಾತ್ರ ಸೇರಿಸಿದರೆ 3.1. ಹಾಗಾಗಿ ಸೂಪರ್‌ನೋವಾಗಳನ್ನಷ್ಟೇ ದೂರಿ ತಪ್ಪಿಸಿಕೊಳ್ಳುವಂತೆಯೂ ಇಲ್ಲ. ಇದರ ಜೊತೆಗೆ ಸಿದ್ಧಾಂತದ ಕಡೆಯಿಂದ ಒಂದು ತೊಡಕಿದೆ. ಒತ್ತಡ ಮತ್ತು ಶಕ್ತಿಸಾಂದ್ರತೆಯ ಅನುಪಾತ ಸ್ಥಿರಾಂಕಕ್ಕೆ ಸದಾ ಮೈನಸ್ 1. ದತ್ತಾಂಶಕ್ಕೆ ಅತ್ಯುತ್ತಮವಾಗಿ ಹೊಂದುವ ಗೆರೆ ಹಿಂದೆ ಮೈನಸ್ 1ಕ್ಕಿಂತ ಕೆಳಗಿದ್ದು ಈಗ ಮೇಲಕ್ಕೆ ದಾಟಿ ಬರುತ್ತದೆ. ಹೀಗೆ ದಾಟುವ ಡಾರ್ಕ್ ಎನರ್ಜಿಯನ್ನು ಸರಳ ಸಿದ್ಧಾಂತಗಳಲ್ಲಿ ಕಟ್ಟುವುದು ಬಹಳ ಕಷ್ಟ.

ನನ್ನ ಅಭಿಪ್ರಾಯ ಕೇಳಿದರೆ: ಇದು 1998ರ ನಂತರ ಈ ಕ್ಷೇತ್ರದಲ್ಲಿ ಬಂದ ಅತ್ಯಂತ ಮುಖ್ಯವಾದ ಸುಳಿವು, ಮತ್ತು ಸುಳಿವಾಗಿಯೇ ಅದನ್ನು ಓದಬೇಕು.

ವಿಜ್ಞಾನಿಗಳು ತಮಗೆ ಬೇಕಾದ ಉತ್ತರವನ್ನೇ ಕಾಣುತ್ತಿಲ್ಲ ಎಂಬುದಕ್ಕೆ ಏನು ಖಾತರಿ?

ಡೆಸಿ ತಂಡ ವಿಶ್ಲೇಷಣೆಯ ಕಾಲದಲ್ಲಿ ನಿಜವಾದ ಉತ್ತರವನ್ನು ತನ್ನಿಂದಲೇ ಮುಚ್ಚಿಟ್ಟುಕೊಂಡಿತ್ತು. ಗ್ಯಾಲಕ್ಸಿಗಳ ಸ್ಥಾನಗಳನ್ನು ಗುಟ್ಟಾದ ಪ್ರಮಾಣದಲ್ಲಿ ಬದಲಿಸಿದ ದತ್ತಾಂಶದ ಮೇಲೆ ಲೆಕ್ಕದ ಪ್ರತಿ ಹೆಜ್ಜೆಯನ್ನೂ ಪರೀಕ್ಷಿಸಿದರು. ವಿಧಾನ ಪಕ್ಕಾ ಆಯಿತು ಎಂದು ಎಲ್ಲರೂ ಒಪ್ಪಿದ ಮೇಲೆ ನಿಜವಾದ ದತ್ತಾಂಶವನ್ನು ತೆರೆದರು.

ವಿಸ್ತರಣೆ ಬಿರುಸಾಗುತ್ತಿದ್ದರೆ ವಿಸ್ತರಣೆಯ ದರ ಹಿಂದೆ ಹೆಚ್ಚಿತ್ತು ಎನ್ನುವುದು ಹೇಗೆ?

ಇದು ಒಳ್ಳೆಯ ಪ್ರಶ್ನೆ, ಪಠ್ಯಗಳು ಇದನ್ನು ಹಾರಿಸಿಬಿಡುತ್ತವೆ. ‘ಬಾಸ್’ ಸಮೀಕ್ಷೆಯ ಕ್ವೇಸಾರ್‌ಗಳಿಂದ 2014ರಲ್ಲಿ ಸಿಕ್ಕ ಅಳತೆ ನೋಡಿ. 1,080 ಕೋಟಿ ವರ್ಷಗಳ ಹಿಂದೆ ವಿಶ್ವ ಪ್ರತಿ 4.4 ಕೋಟಿ ವರ್ಷಕ್ಕೆ ಶೇ. 1ರಷ್ಟು ಹಿಗ್ಗುತ್ತಿತ್ತು. ಇಂದು ಅಷ್ಟೇ ಹಿಗ್ಗಲು ಸುಮಾರು 14 ಕೋಟಿ ವರ್ಷ ಬೇಕು. ದರ ಇಳಿದಿದೆ, ನಿಜ.

ವೇಗೋತ್ಕರ್ಷ ಎಂದಾಗ ನಾವು ನೋಡುತ್ತಿರುವುದು ಒಂದೇ ಗ್ಯಾಲಕ್ಸಿಯನ್ನು. ಅದು ನಮ್ಮಿಂದ ಸರಿಯುವ ವೇಗ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆಯೇ? ಹೌದು, ಸುಮಾರು 600 ಕೋಟಿ ವರ್ಷಗಳಿಂದ. ದರ ಎಂದಾಗ ನೋಡುವುದು ನಿರ್ದಿಷ್ಟ ದೂರದಲ್ಲಿರುವ ಗ್ಯಾಲಕ್ಸಿ ಎಷ್ಟು ವೇಗದಲ್ಲಿದೆ ಎಂಬುದನ್ನು. ಕಾಲ ಕಳೆದಂತೆ ಆ ದೂರದಲ್ಲಿ ಬೇರೆ ಗ್ಯಾಲಕ್ಸಿ ಇರುತ್ತದೆ. ಹಾಗಾಗಿ ಮೊದಲನೆಯದು ಏರುತ್ತಿರುವಾಗಲೇ ಎರಡನೆಯದು ಇಳಿಯಬಹುದು, ಇಳಿಯುತ್ತಿದೆ.

‘ಹಬಲ್ ಬಿಕ್ಕಟ್ಟು’ ಎನ್ನುವುದೂ ಇದೇನಾ?

ಅಲ್ಲ. ಅದು ಇಂದಿನ ದರದ ಬಗೆಗಿನ ತಕರಾರು. ಸೆಫೀಡ್ ಮತ್ತು ಸೂಪರ್‌ನೋವಾಗಳ ಸರಣಿಯಿಂದ ಅಳೆದರೆ ಪ್ರತಿ ಮೆಗಾಪಾರ್ಸೆಕ್‌ಗೆ (ಸುಮಾರು 33 ಲಕ್ಷ ಜ್ಯೋತಿರ್ವರ್ಷ) ಸೆಕೆಂಡಿಗೆ ಸುಮಾರು 73 ಕಿಲೋಮೀಟರ್. ಹಿನ್ನೆಲೆ ವಿಕಿರಣದಿಂದ ಲೆಕ್ಕ ಹಾಕಿದರೆ ಸುಮಾರು 67. ಡೆಸಿಯ ಉತ್ತರ ಎರಡನೆಯದಕ್ಕೆ ಹತ್ತಿರವಿದೆ. ಬದಲಾಗುವ ಡಾರ್ಕ್ ಎನರ್ಜಿಯೊಂದರಿಂದಲೇ ಈ ತಕರಾರು ಬಗೆಹರಿಯುವುದಿಲ್ಲ.

ಇದೇ ನಕ್ಷೆಯಿಂದ ಬೇರೇನಾದರೂ ತಿಳಿಯುತ್ತದೆಯೇ?

ನ್ಯೂಟ್ರಿನೊಗಳ ತೂಕದ ಬಗ್ಗೆ ತಿಳಿಯುತ್ತದೆ, ಮತ್ತು ಅದು ಬೆರಗು ಹುಟ್ಟಿಸುವಂಥದ್ದು. ದ್ರವ್ಯರಾಶಿಯುಳ್ಳ ಕಣಗಳಲ್ಲೇ ಅತಿ ಹಗುರವಾದುದರ ದ್ರವ್ಯರಾಶಿಗೆ ಮಿತಿ ಹಾಕುತ್ತಿರುವುದು ವಿಶ್ವದ ಅತಿ ದೊಡ್ಡ ನಕ್ಷೆ. ಮೂರು ಬಗೆಯ ನ್ಯೂಟ್ರಿನೊಗಳ ಒಟ್ಟು ದ್ರವ್ಯರಾಶಿ 0.06 ಇಲೆಕ್ಟ್ರಾನ್‌ವೋಲ್ಟ್‌ಗಿಂತ (ಕಣಗಳ ದ್ರವ್ಯರಾಶಿ ಹೇಳಲು ಬಳಸುವ ಮಾನ) ತುಸು ಕೆಳಗಿನ ಬೆಲೆಗಿಂತ ಕಡಿಮೆಯಿರಲಾರದು ಎಂದು ಭೂಮಿಯ ಮೇಲಿನ ಪ್ರಯೋಗಗಳು ಹೇಳುತ್ತವೆ. ಡಾರ್ಕ್ ಎನರ್ಜಿ ಸ್ಥಿರ ಎಂದಿಟ್ಟುಕೊಂಡರೆ ಡೆಸಿ ಮತ್ತು ಹಿನ್ನೆಲೆ ವಿಕಿರಣ ಸೇರಿ ಹಾಕುವ ಮೇಲ್ಮಿತಿ 0.064. ಎರಡರ ನಡುವೆ ಉಳಿದ ಜಾಗ ತೀರಾ ಇಕ್ಕಟ್ಟು. ಡಾರ್ಕ್ ಎನರ್ಜಿ ಬದಲಾಗಬಹುದು ಎಂದರೆ ಆ ಇಕ್ಕಟ್ಟು ಸಡಿಲವಾಗುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಸಂಬಂಧಿಸಿದ ಕೆಲಸ ನಡೆಯುತ್ತಿದೆಯೇ?

ಬೆಂಗಳೂರಿನ ಭಾರತೀಯ ಖಭೌತವಿಜ್ಞಾನ ಸಂಸ್ಥೆ ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿ, ಎರಡು ಮೀಟರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುತ್ತದೆ. ಅದನ್ನು ಚಲಾಯಿಸುವ ನಿಯಂತ್ರಣ ಕೊಠಡಿ ಇರುವುದು ನಮ್ಮ ಹೊಸಕೋಟೆಯಲ್ಲಿ. ಆದೇಶಗಳು ಉಪಗ್ರಹದ ಮೂಲಕ ಹೋಗುತ್ತವೆ. 2014ರಲ್ಲಿ ಎಂ82 ಗ್ಯಾಲಕ್ಸಿಯಲ್ಲಿ ಸಿಡಿದ ಟೈಪ್ ಒನ್ ಎ ಸೂಪರ್‌ನೋವಾವನ್ನು ಈ ದೂರದರ್ಶಕದಿಂದ ವಿವರವಾಗಿ ಅಧ್ಯಯನ ಮಾಡಿದ್ದಾರೆ. ಹತ್ತಿರದ ಸ್ಫೋಟಗಳು ಹೇಗೆ ನಡೆಯುತ್ತವೆ ಎಂದು ತಿಳಿದಷ್ಟೂ ದೂರದವುಗಳ ಅಳತೆ ಗಟ್ಟಿಯಾಗುತ್ತದೆ.

ವಿದ್ಯಾರ್ಥಿಗಳು ಈ ದತ್ತಾಂಶವನ್ನು ನೋಡಬಹುದೇ?

ಖಂಡಿತ. 2025ರ ಮಾರ್ಚ್‌ನಲ್ಲಿ ಡೆಸಿಯ ಮೊದಲ ದತ್ತಾಂಶ ಸಂಗ್ರಹ ಎಲ್ಲರಿಗೂ ಮುಕ್ತವಾಯಿತು: 1.87 ಕೋಟಿ ಆಕಾಶಕಾಯಗಳು, ಅವುಗಳಲ್ಲಿ ಸುಮಾರು 1.31 ಕೋಟಿ ಗ್ಯಾಲಕ್ಸಿಗಳು, 16 ಲಕ್ಷ ಕ್ವೇಸಾರ್‌ಗಳು, 40 ಲಕ್ಷ ನಕ್ಷತ್ರಗಳು. ಒಟ್ಟು ಗಾತ್ರ ಸುಮಾರು 270 ಟೆರಾಬೈಟ್. ಅಷ್ಟನ್ನೂ ಇಳಿಸಿಕೊಳ್ಳಬೇಕಿಲ್ಲ, ಸ್ಥಾನ ಮತ್ತು ಕೆಂಪು ಪಲ್ಲಟಗಳ ಪಟ್ಟಿ ಮಾತ್ರ ಸಾಕು. ಪೈಥಾನ್ ಬಲ್ಲ ಬಿ.ಎಸ್ಸಿ. ವಿದ್ಯಾರ್ಥಿ ಆಕಾಶದ ಒಂದು ತೆಳು ಹೋಳನ್ನು ತೆಗೆದುಕೊಂಡು ನಕ್ಷೆ ಬರೆದರೆ ಗ್ಯಾಲಕ್ಸಿಗಳ ಜಾಲವೂ ನಡುವಿನ ಖಾಲಿ ಜಾಗಗಳೂ ಪರದೆಯ ಮೇಲೆ ಎದ್ದು ಕಾಣುತ್ತವೆ. ಆಮೇಲೆ ಕೆಂಪು ಗ್ಯಾಲಕ್ಸಿಗಳನ್ನಷ್ಟೇ ಆರಿಸಿ, ಜೋಡಿಗಳ ಅಂತರ ಎಣಿಸಲು ಯತ್ನಿಸಿ. ಎಣಿಕೆಯ ಜೊತೆಗೆ, ಅದೇ ಆಕಾಶದ ಭಾಗದಲ್ಲಿ ಗೊತ್ತುಗುರಿಯಿಲ್ಲದೆ ಚೆಲ್ಲಿದ ಬಿಂದುಗಳ ಪಟ್ಟಿಯೂ ಬೇಕಾಗುತ್ತದೆ, ಏಕೆಂದರೆ ಹೆಚ್ಚಳ ಎನ್ನುವುದು ಅದಕ್ಕೆ ಹೋಲಿಸಿದಾಗಲೇ ತಿಳಿಯುವುದು. ಆ ಪಟ್ಟಿಯನ್ನೂ ಡೆಸಿ ತಂಡವೇ ಒದಗಿಸಿದೆ.